ಮೂಳೆ, ನರ, ಉಸಿರು ಮತ್ತು ನಮ್ಮ ಮನೆಯವರು

‘ಇವಳ ಕೈಲಿ ಇದೆಲ್ಲ ಆಗಲ್ಲ ಬಿಡಿ’ ಅಂತ ಮೊದಲು ಹೇಳಿದವರು ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ. ಎರಡನೆಯವರು ಸೋಂಪುರದ ಕಾರ್ಖಾನೆಯ ಸೂಪರ್‌ವೈಸರ್. ಅಲ್ಲಿ ನಾನು ನೋವಿನ ಮುಲಾಮಿನ ಟ್ಯೂಬುಗಳನ್ನು ಡಬ್ಬಕ್ಕೆ ತುಂಬುವ ಕೆಲಸದಲ್ಲಿದ್ದೆ. ಫಿಸಿಯೋಥೆರಪಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಕೆಲಸ ಬಿಡ್ತೀನಿ ಅಂದಾಗ ಆತ ನಕ್ಕು, ‘ಹೋಗಿ ಬಾರಮ್ಮ, ನಿನ್ನ ಚೇರು ಖಾಲೀನೇ ಇಟ್ಟಿರ್ತೀನಿ’ ಅಂದ. ಆ ಲೈನಿನಲ್ಲಿ ನಮಗ್ಯಾರಿಗೂ ಚೇರೇ ಇರಲಿಲ್ಲ. ದಿನವಿಡೀ ನಿಂತೇ ಕೆಲಸ.

ನಾನು ಕನ್ನಡ ಮೀಡಿಯಮ್ಮಿನವಳು, ಆಗಲೇ ಒಬ್ಬಳು ಮಗಳ ತಾಯಿ. ಇಂಗ್ಲಿಷ್ ಓದುವುದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಡಬ್ಬದೊಳಗೆ ಮಡಚಿ ಹಾಕುವ ಔಷಧದ ಚೀಟಿಯನ್ನು ಊಟದ ಬಿಡುವಿನಲ್ಲಿ ಬಿಡಿಸಿಟ್ಟುಕೊಂಡು, ಪಕ್ಕದಲ್ಲಿ ಹಳೇ ಡಿಕ್ಷನರಿ ಇಟ್ಟುಕೊಂಡು ನಾನೇ ಕಲಿತೆ. ನಾನು ಪೂರ್ತಿ ಅರ್ಥ ಮಾಡಿಕೊಂಡ ಮೊದಲನೇ ಇಂಗ್ಲಿಷ್ ವಾಕ್ಯ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಅನ್ನುವುದು.

ಕಾಲೇಜಿನಲ್ಲಿ ಬರೆಯುವ ಪರೀಕ್ಷೆಗಳೆಲ್ಲ ದಾಟಿದವು. ಕೊನೆಯ ಪ್ರಾಕ್ಟಿಕಲ್‌ನಲ್ಲಿ ಮಾತ್ರ, ಒಬ್ಬ ರೋಗಿಯನ್ನು ಮುಂದೆ ಕೂರಿಸಿ ‘ಪರೀಕ್ಷೆ ಮಾಡಿ, ಹೇಳಿ’ ಅಂದಾಗ, ನನ್ನ ಬಾಯಿ ಒಣಗಿ ಫೇಲಾದೆ. ಮನೆಯಲ್ಲಿ ಪಂಚಾಯಿತಿ ಕೂತಿತು. ತೀರ್ಮಾನ ಹೇಳಿದವರು ಭಾವ: ‘ಇನ್ನೊಂದೇ ಸಲ. ಆಗ್ಲಿಲ್ಲ ಅಂದ್ರೆ ಮತ್ತೆ ಫ್ಯಾಕ್ಟರಿ ಬಸ್ ಹತ್ತಬೇಕು.’ ನಾನು ಹೂಂ ಅಂದೆ. ರೋಗಿ ಮೂಳೆಯವರು ಬರುತ್ತಾರೋ, ನರದವರೋ, ಉಸಿರಿನವರೋ, ಚೀಟಿ ಎತ್ತುವವರೆಗೆ ಗೊತ್ತಿರುವುದಿಲ್ಲ. ಹಾಗಾಗಿ ಮೂರನ್ನೂ ಮೊದಲಿನಿಂದ ತಿರುವಿಹಾಕಲು ಕೂತೆ. ಈ ಓದಿಗೆ ಪುಸ್ತಕ ಸಾಲದು, ಮುಟ್ಟಿ ನೋಡಲು ಮನುಷ್ಯರು ಬೇಕು. ನಮ್ಮ ಕಡೆ ಮನುಷ್ಯರನ್ನು ಮುಟ್ಟಲು ಹೋದರೆ ಏನಾದರೊಂದು ಆಗಿಯೇ ಆಗುತ್ತದೆ.

ಮನೆಗೆ ಬಂದ ಹೆಂಗಸು

ಮೂಳೆಗಳ ಪಾಠ ತಿರುವಿಹಾಕಲು ಕಾಲೇಜಿನಿಂದ ಒಂದು ಚೀಲ ಮೂಳೆ ಎರವಲು ತಂದೆ. ಪ್ಲಾಸ್ಟಿಕ್ಕಿನವಲ್ಲ, ನಿಜವಾದವು. ಹೊಸಿಲ ಹತ್ತಿರ ಅತ್ತೆ ತಡೆದರು.

‘ಏನವ್ವ ಅದು ಲೊಟಲೊಟ ಅಂತದೆ?’

‘ಮೂಳೆ ಅತ್ತೆ. ಓದೋಕೆ.’

‘ಯಾರದು?’

ಯಾರದು ಅಂತ ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ‘ಗೊತ್ತಿಲ್ಲ ಅತ್ತೆ.’

‘ಯಾರದು ಅಂತ ಗೊತ್ತಿಲ್ದೆ ಮನೆಗೆ ಕರ್ಕೊಂಡ್ ಬಂದ್ಬಿಟ್ಯಾ? ಗಂಡಸೋ ಹೆಂಗಸೋ?’

ಇದು ನನ್ನ ಪಾಠದಲ್ಲೇ ಇತ್ತು. ಸೊಂಟದ ಮೂಳೆ ತೆಗೆದು, ಅಗಲ ನೋಡಿ, ‘ಹೆಂಗಸು’ ಅಂದೆ. ಅತ್ತೆಯ ಮುಖ ಸ್ವಲ್ಪ ಮೆತ್ತಗಾಯಿತು.

‘ಮುತ್ತೈದೆನಾ?’

‘ಅದು ಮೂಳೆ ನೋಡಿದ್ರೆ ಗೊತ್ತಾಗಲ್ಲ ಅತ್ತೆ.’

‘ಗೊತ್ತಾಗ್ದಿದ್ರೆ ಮುತ್ತೈದೆ ಅಂತ್ಲೇ ಅಂದ್ಕೋಬೇಕು. ಒಳಕ್ಕೆ ತಗೊಂಡ್ ಬಾ.’

ಒಂದು ವಾರ ಓದಿ ಚೀಲ ವಾಪಸ್ ಕೊಟ್ಟೆ. ಕಾಲೇಜಿನ ಮೇಡಂ ನನ್ನ ಮುಂದೆಯೇ ಒಂದೊಂದನ್ನೂ ತೆಗೆದು ಮೇಜಿನ ಮೇಲಿಡುತ್ತಾ ಹೋದರು. ತೊಡೆಯ ಮೂಳೆ, ಭುಜದ ಮೂಳೆ, ಆಮೇಲೆ ಬಟ್ಟೆಯಲ್ಲಿ ಸುತ್ತಿದ ಸೊಂಟದ ಮೂಳೆ. ಬಿಚ್ಚಿದರೆ, ಅದು ಹೊಸ ರವಿಕೆ ಕಣ. ಒಳಗೆ ಮೂಳೆಗೆ ಅರಿಶಿನ ಕುಂಕುಮ ಹಚ್ಚಿದೆ. ಮೂಳೆಯ ಬಟ್ಟಲಿನಂಥ ಜಾಗದಲ್ಲಿ ಅಕ್ಕಿ, ಎಲೆ ಅಡಿಕೆ, ಒಂದು ಅಚ್ಚು ಬೆಲ್ಲ.

‘ಏನ್ರೀ ಇದು?’ ಅಂದರು ಮೇಡಂ.

‘ನಮ್ಮತ್ತೆ ಮೇಡಂ. ಮನೆಗೆ ಬಂದ ಹೆಣ್ಣುಮಗಳನ್ನ ಬರಿಗೈಲಿ ಕಳಿಸಲ್ಲ. ಮಡಿಲು ತುಂಬಿದ್ದಾರೆ.’

ಭಾವನ ಕತ್ತು

ಅದೇ ತಿಂಗಳು ಭಾವನ ಕತ್ತು ಹಿಡಿದುಕೊಂಡಿತು. ತಲೆ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಯಾರಾದರೂ ಕರೆದರೆ ಟ್ರ್ಯಾಕ್ಟರಿನ ಹಾಗೆ ಇಡೀ ಮೈ ತಿರುಗಿಸಬೇಕು. ಅವರು ನನ್ನನ್ನು ನೇರವಾಗಿ ಕೇಳಲಿಲ್ಲ. ಕೇಳಿದ್ದರೂ ಪ್ರಯೋಜನವಿರಲಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಮುಂದೆ ಸರಿಯಾಗಿ ನಿಲ್ಲುವುದೂ ಇಲ್ಲ, ಇನ್ನು ಕತ್ತು ಹಿಡಿಯುವುದೆಲ್ಲಿ ಬಂತು?

ಅತ್ತೆ ಒಂದು ಉಪಾಯ ಮಾಡಿದರು. ಭಾವ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುವುದು, ನಾನು ಬಾಗಿಲ ಹಿಂದೆ ನಿಂತು ಹೇಳುವುದು, ನನ್ನ ಗಂಡ ಕೈ ಹಾಕುವುದು. ನನ್ನ ಗಂಡ ಓಡಿಸುವುದು ಸಾಮಾನಿನ ಟೆಂಪೋ.

‘ಎರಡು ಬೆರಳು ಕತ್ತಿನ ಬುಡದಲ್ಲಿಡಿ. ಮೆತ್ತಗೆ,’ ಅಂದೆ ಬಾಗಿಲ ಹಿಂದಿನಿಂದ.

‘ಇಟ್ಟೆ.’

‘ಗಟ್ಟಿಯಾಗಿರೋ ಜಾಗ ಹುಡುಕಿ.’

‘ಇವನ ಕತ್ತೆಲ್ಲ ಗಟ್ಟಿನೇ ಕಣೆ.’

‘ಲೇ, ಬಾಯಿ ಮುಚ್ಕೊಂಡು ಅವ್ಳು ಹೇಳಿದ್ ಮಾಡೋ!’ ಅಂದರು ಭಾವ.

‘ಈಗ ಹೆಬ್ಬೆಟ್ಟಲ್ಲಿ ಒತ್ತಿ ಹಿಡೀರಿ. ತಿರುಗಿಸಬೇಡಿ. ಬಲಕ್ಕೆ ಭಾವನೇ ನಿಧಾನಕ್ಕೆ ತಿರುಗಲಿ.’

‘ಅಯ್ಯೋ ಅಯ್ಯೋ! ಅದು ಕತ್ತು ಕಣೋ, ನಿನ್ ಟೆಂಪೋ ಗೇರಲ್ಲ!’

ಹೀಗೆ ನಾಲ್ಕು ಸಂಜೆ ನಡೆಯಿತು. ಐದನೇ ದಿನ ಭಾವನ ತಲೆ ಎರಡೂ ಕಡೆ ಸಲೀಸಾಗಿ ತಿರುಗಿತು. ನಾನು ಬಾಗಿಲ ಹಿಂದೆಯೇ ಹೆಮ್ಮೆಪಟ್ಟುಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ನಮ್ಮ ಜಗಲಿಯ ಮೇಲೆ ಊರಿನ ಹಿರಿಯರು ಸಾಲಾಗಿ ಕೂತಿದ್ದಾರೆ. ಒಬ್ಬರಿಗೆ ಸೊಂಟ, ಇನ್ನೊಬ್ಬರಿಗೆ ಮಂಡಿ. ನಾನು ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ.

‘ನೀನಲ್ಲ ಕಣವ್ವ,’ ಅಂದರು ಅವರಲ್ಲೊಬ್ಬರು. ‘ನಿನ್ ಗಂಡನ್ನ ಕರಿ. ಅವನ ಕೈಗುಣ ಭಾಳ ಚೆನ್ನಾಗೈತಂತೆ. ನಿಮ್ ಭಾವ ಹೇಳಿದ್ರು.’

ಮೂರು ಚೆಂಡು

ಉಸಿರಿನ ಪಾಠಕ್ಕೆ ದೊಡ್ಡಬಳ್ಳಾಪುರದ ಒಂದು ಆಸ್ಪತ್ರೆಯ ವಾರ್ಡಿಗೆ ಹೋಗುತ್ತಿದ್ದೆ. ಮಗ್ಗದ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಒಬ್ಬ ಸಾಹೇಬರಿಗೆ ಅಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತು. ಆಪರೇಷನ್ ಆದವರ ಎದೆಯಲ್ಲಿ ಕಫ ಕಟ್ಟಬಾರದು ಅಂತ ನಾವು ಒಂದು ಪ್ಲಾಸ್ಟಿಕ್ ಡಬ್ಬಿ ಕೊಡುತ್ತೇವೆ. ಅದರೊಳಗೆ ಮೂರು ಚೆಂಡು. ಕೊಳವೆಗೆ ಬಾಯಿಟ್ಟು ಉಸಿರು ಒಳಗೆಳೆದರೆ ಚೆಂಡು ಮೇಲೇಳುತ್ತವೆ. ಎಲ್ಲರೂ ಮಾಡುವ ತಪ್ಪು ಒಂದೇ: ಬಲೂನು ಅಂದುಕೊಂಡು ಊದುತ್ತಾರೆ. ಸಾಹೇಬರೂ ಊದಿದರು.

‘ಊದಬೇಡಿ ಅಂಕಲ್, ಒಳಗೆ ಎಳೀರಿ.’

‘ಎಳೆಯೋದು ಅಂದ್ರೆ ಹೆಂಗೆ ಬೇಟಿ?’

‘ಬೀಡಿ ಎಳೆದ ಹಾಗೆ.’

ಮಂಚದ ಆ ಕಡೆ ಕೂತಿದ್ದ ಅವರ ಹೆಂಡತಿ ತಲೆ ಎತ್ತಿದರು. ‘ಅವರು ಬೀಡಿ ಬಿಟ್ಟು ಎಷ್ಟೋ ವರ್ಷ ಆಯ್ತಮ್ಮ. ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದಾರೆ.’

‘ಎಳೆಯೋದೇ ಮರೆತುಹೋಗಿದೆ ಬೇಟಿ,’ ಅಂದರು ಸಾಹೇಬರು, ಬಹಳ ಬೇಸರದಿಂದ. ಚೆಂಡುಗಳು ಅಲುಗಾಡಲಿಲ್ಲ. ಮೂರೂ ಏಳುವವರೆಗೆ ಮನೆಗೆ ಕಳಿಸುವುದಿಲ್ಲ ಅಂತ ಡಾಕ್ಟರು ಬೇರೆ ಹೇಳಿದ್ದರು.

ಹೆಂಡತಿ ಚಹಾ ತರಲು ಫ್ಲಾಸ್ಕ್ ಹಿಡಿದು ಕೆಳಗೆ ಹೋದರು. ಅವರ ಚಪ್ಪಲಿ ಸದ್ದು ಮೆಟ್ಟಿಲು ಇಳಿದ ಮೇಲೆ ಸಾಹೇಬರು ಡಬ್ಬಿ ಎತ್ತಿಕೊಂಡು, ಕೊಳವೆಯನ್ನು ತುಟಿಯ ಮೂಲೆಗಿಟ್ಟು, ಕಣ್ಣು ಅರ್ಧ ಮುಚ್ಚಿ ಎಳೆದರು. ಮೂರು ಚೆಂಡೂ ಒಟ್ಟಿಗೆ ಟಕ್ ಅಂತ ಮೇಲಕ್ಕೆ ಹೋಗಿ ಅಲ್ಲೇ ನಿಂತವು. ಅಷ್ಟು ಚೆನ್ನಾಗಿ ಎಳೆದವರನ್ನು ನಾನು ಆ ವಾರ್ಡಿನಲ್ಲಿ ನೋಡಿರಲಿಲ್ಲ. ಚಪ್ಪಾಳೆ ತಟ್ಟಿದೆ. ತಟ್ಟಬಾರದಿತ್ತು. ಚಿಲ್ಲರೆ ಮರೆತು ವಾಪಸ್ ಬಂದಿದ್ದ ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

ಚೆಂಡುಗಳು ಒಂದೊಂದಾಗಿ ಕೆಳಗೆ ಬಿದ್ದವು. ಆಯಮ್ಮ ಫ್ಲಾಸ್ಕ್ ಕೆಳಗಿಟ್ಟರು. ನನ್ನ ಹತ್ತಿರ ಬಂದು ಕೇಳಿದರು: ‘ಈ ಡಬ್ಬಿ ಮನೆಗೆ ಕೊಡ್ತೀರೇನಮ್ಮ? ತಿಂಗಳಿಗೊಂದು ಸಲ ನಾನೇ ಚೆಕ್ ಮಾಡ್ತೀನಿ.’

ಬೆನ್ನಿನ ಮೇಲೆ ಲೇಔಟ್

ಬೆನ್ನುಹುರಿಯಿಂದ ಹೊರಡುವ ಒಂದೊಂದು ನರಕ್ಕೂ ಚರ್ಮದ ಮೇಲೆ ಅದರದೇ ಪಟ್ಟಿ ಇರುತ್ತದೆ. ಪ್ರತಿ ಪಟ್ಟಿಗೂ ಒಂದು ಅಕ್ಷರ, ಒಂದು ನಂಬರ್. ಪುಸ್ತಕದಲ್ಲಿ ನೋಡಿದರೆ ನೆನಪು ನಿಲ್ಲುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ನನ್ನ ಗಂಡ ಬಾಡೂಟ ಮಾಡಿ, ಬನಿಯನ್ನೂ ಇಲ್ಲದೆ ಬೋರಲು ಮಲಗಿದ್ದರು. ಅಷ್ಟು ಅಗಲವಾದ ಬೆನ್ನು ಸುಮ್ಮನೆ ಬಿದ್ದಿತ್ತು. ಮಾರ್ಕರ್ ಪೆನ್ನು ತಂದು ಗೆರೆ ಹಾಕಿ, ಮೇಲಿಂದ ಕೆಳಗಿನವರೆಗೆ ನಂಬರ್ ಬರೆದು, ಬಾಯಿಪಾಠ ಮಾಡಿದೆ. ಆಮೇಲೆ ಒರೆಸಲು ಹೋದರೆ ಅದು ಅಳಿಸುವ ಮಾರ್ಕರ್ ಅಲ್ಲ. ಅವರು ಎದ್ದ ಮೇಲೆ ಹೇಳೋಣ ಅಂದುಕೊಂಡೆ. ಎದ್ದ ಮೇಲೆ, ಹೇಳದಿದ್ದರೂ ನಡೆಯುತ್ತೆ, ಬೆನ್ನು ಅವರಿಗೇನು ಕಾಣುತ್ತೆ ಅನ್ನಿಸಿತು.

ಸೋಮವಾರ ಅವರು ದಾಬಸ್‌ಪೇಟೆಯ ಗೋಡೌನಿಗೆ ಲೋಡ್ ತೆಗೆದುಕೊಂಡು ಹೋದರು. ಬಿಸಿಲು ಜೋರಿತ್ತು. ಶರ್ಟು ಬಿಚ್ಚಿ ಕ್ಯಾಬಿನ್ನಿಗೆ ಎಸೆದರು. ಹಿಂದೆ ನಿಂತಿದ್ದ ಹಮಾಲಿಗಳೆಲ್ಲ ಮೂಟೆ ಕೆಳಗಿಟ್ಟರಂತೆ.

‘ಗುರು, ಏನಿದು? ನಿನ್ ಬೆನ್ನ ಮೇಲೂ ಲೇಔಟ್ ಮಾಡ್ಬಿಟ್ಟವ್ರೆ!’

‘ಏನ್ ಲೇಔಟ್ಲಾ?’

‘ಗೆರೆ ಎಳ್ದು ಸೈಟ್ ನಂಬರ್ ಹಾಕವ್ರೆ ಕಣಣ್ಣ. ರಸ್ತೆ ಮಾತ್ರ ಒಂದೇ ಬಿಟ್ಟವ್ರೆ, ನಡು ಬೆನ್ನಲ್ಲಿ.’

‘ಖಾತೆ ಆಗೈತಾ ಕೇಳ್ಲಾ!’

ಆಸುಪಾಸಿನ ಹೊಲಗಳೆಲ್ಲ ಕಲ್ಲು ನೆಟ್ಟು ಸೈಟಾಗುತ್ತಿರುವ ಕಾಲ. ಅವರಿಗೆ ಬೇರೇನು ಹೊಳೆಯಬೇಕು? ಸಂಜೆ ನನ್ನ ಗಂಡ ಮನೆಗೆ ಬಂದು ಶರ್ಟು ಬಿಚ್ಚಿ, ನನಗೆ ಬೆನ್ನು ತಿರುಗಿಸಿ ಕೂತರು. ಬೈಗುಳಕ್ಕೆ ಕಾದೆ. ಅವರು ಹೇಳಿದ್ದು ಇಷ್ಟೇ: ‘ಸೊಂಟದ ಹತ್ರ ಎಲ್ ಮೂರು ಅಂತ ಐತಂತಲ್ಲ, ಅದು ಬುಕ್ ಆಗಿದೆ. ಕಾರ್ನರ್ ಸೈಟು.’

ಅಜ್ಜಿಯ ಬಲಗೈ

ಪರೀಕ್ಷೆಯ ದಿನ ಚೀಟಿ ಎತ್ತಿದೆ. ನರ ಬಂತು.

ರೋಗಿ ದೇವನಹಳ್ಳಿ ಕಡೆ ನಲ್ಲೂರಿನ ಒಬ್ಬ ಅಜ್ಜಿ. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಪರೀಕ್ಷಕರು ಬೇರೆ ಊರಿನ ಕಾಲೇಜಿನಿಂದ ಬಂದಿದ್ದವರು, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಕಳೆದ ಸಲದ ಹಾಗೆಯೇ ನನ್ನ ನಾಲಿಗೆ ಅಂಗುಳಕ್ಕೆ ಅಂಟಿತು. ಆದರೂ ಶುರು ಮಾಡಿದೆ.

‘ಅಜ್ಜಿ, ಬಲಗೈ ಎತ್ತಿ ನೋಡೋಣ.’

ಅಜ್ಜಿ ಕೈಯನ್ನು ನೋಡಿದರು. ಕೈ ಅಜ್ಜಿಯನ್ನು ನೋಡಿತು. ಎರಡು ಮೂರು ಸಲ ಹೇಳಿದೆ, ಭುಜದ ಹತ್ತಿರ ಒಂದು ಚೂರು ಮಿಸುಕಿದ್ದು ಬಿಟ್ಟರೆ ಏನೂ ಇಲ್ಲ. ‘ಬಲಗೈ ಎತ್ತುವ ಶಕ್ತಿ ಇಲ್ಲ ಸಾರ್,’ ಅಂತ ಗಟ್ಟಿಯಾಗಿ ಹೇಳಿದೆ. ಅವರು ಬರೆದುಕೊಂಡರು.

ಮುಂದಿನದು ಅಂಗಾಲಿನ ಪರೀಕ್ಷೆ. ನರ ಪರೀಕ್ಷೆಯ ಪುಟ್ಟ ಸುತ್ತಿಗೆಯ ಹಿಡಿಯ ತುದಿಯಿಂದ ಅಂಗಾಲು ಗೀರಿ, ಹೆಬ್ಬೆರಳು ಯಾವ ಕಡೆ ಹೋಗುತ್ತದೆ ನೋಡಬೇಕು. ನಾನು ಬಗ್ಗಿ ಅಜ್ಜಿಯ ಪಾದ ಹಿಡಿದೆ.

ತಲೆಯ ಮೇಲೆ ಏನೋ ಭಾರ ಬಿತ್ತು. ಬಳೆ ಸದ್ದಾಯಿತು.

‘ದೇವ್ರು ಒಳ್ಳೇದ್ ಮಾಡ್ಲಿ ಮಗಾ. ಮನೆ ತುಂಬ ಮಕ್ಕಳಾಗ್ಲಿ.’

ಪರೀಕ್ಷಕರು ಕನ್ನಡಕ ಕೆಳಗಿಳಿಸಿದರು. ‘ಅದು ಯಾವ ಕೈ?’

‘ಬಲಗೈ ಸಾರ್,’ ಅಂದೆ, ಬಗ್ಗಿದಲ್ಲಿಂದಲೇ. ಏಳೋಣವೆಂದರೆ ಕೈ ಇನ್ನೂ ತಲೆಯ ಮೇಲಿತ್ತು.

‘ಎತ್ತುವ ಶಕ್ತಿ ಇಲ್ಲ ಅಂದ್ರಲ್ಲ?’

ನನಗೆ ಕಣ್ಣ ಮುಂದೆ ಫ್ಯಾಕ್ಟರಿ ಬಸ್ ಬಂದು ನಿಂತಿತು. ಬೇರೆ ದಾರಿ ಕಾಣದೆ ಅಜ್ಜಿಯನ್ನೇ ಕೇಳಿದೆ: ‘ಅಜ್ಜಿ, ಆಗ ಎತ್ತಿ ಅಂದ್ರೆ ಯಾಕೆ ಎತ್ತಲಿಲ್ಲ?’

‘ನಾನೆಲ್ಲಿ ಎತ್ತಿದೆ? ನೀನು ಕಾಲು ಮುಟ್ದೆ, ಅದೇ ಎದ್ದೋಯ್ತು. ಸುಮ್ ಸುಮ್ಕೆ ಎತ್ತು ಅಂದ್ರೆ ಅದ್ಯಾಕೆ ಎತ್ತತದೆ?’

ಅಷ್ಟು ಸಾಕಾಯಿತು. ಓದಿದ್ದೆಲ್ಲ ನಾಲಿಗೆಗೆ ಬಂತು. ‘ಸಾರ್, ಬೇಕಂತ ಎತ್ತೋಕೆ ಹೋದ್ರೆ ಮೆದುಳಿಂದ ಕೈಗೆ ದಾರಿ ಸಿಗ್ತಿಲ್ಲ. ಜೀವನವಿಡೀ ಮಾಡಿರೋ ಕೆಲಸ ಎದುರಿಗೆ ಬಂದ್ರೆ ಬೇರೆ ದಾರೀಲಿ ಹೋಗ್ತಿದೆ. ಬರೀ ಕೈ ಎತ್ತಿಸೋ ವ್ಯಾಯಾಮ ಬೇಡ, ಕೈಗೆ ಒಂದು ಕೆಲಸ ಕೊಡಬೇಕು.’

‘ಯಾವ ಕೆಲಸ? ಚಿಕಿತ್ಸೆ ಹೇಳಿ.’

‘ಮನೆಯವರೆಲ್ಲ ದಿನಾ ಅಜ್ಜಿ ಕಾಲಿಗೆ ಬೀಳಬೇಕು ಸಾರ್. ಮೊದಲು ಪೂರ್ತಿ ಬಗ್ಗಬೇಕು. ಆಮೇಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಬಗ್ಗಬೇಕು. ತಲೆ ಮೇಲಕ್ಕೆ ಹೋದಷ್ಟೂ ಕೈನೂ ಮೇಲಕ್ಕೆ ಹೋಗುತ್ತೆ.’

ಆ ಮನುಷ್ಯ ನಕ್ಕದ್ದನ್ನು ನಾನು ಆಗಲೇ ನೋಡಿದ್ದು. ನಗು ನಿಲ್ಲುವ ಮೊದಲೇ ಅಜ್ಜಿ ಅವರ ಕೋಟು ಹಿಡಿದು ಎಳೆದರು, ಬಲಗೈಯಿಂದಲೇ.

‘ಸ್ವಾಮಿ, ಅದನ್ನ ಚೀಟೀಲಿ ಬರ್ಕೊಡಿ. ಬಾಯಲ್ಲಿ ಹೇಳಿದ್ರೆ ನಮ್ ಸೊಸೆ ನಂಬಾಕಿಲ್ಲ.’

ಪರೀಕ್ಷಕರು ಪೆನ್ನು ನನ್ನ ಕೈಗೆ ಕೊಟ್ಟರು. ನಾನು ಬರೆದೆ: ‘ಸೊಸೆ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಊಟಕ್ಕೆ ಮುಂಚೆ.’

ಪಾಸಾದೆ. ಈಗ ದಾಬಸ್‌ಪೇಟೆಯಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಮಳಿಗೆಯಲ್ಲಿ ಕೂರುತ್ತೇನೆ. ಮಳಿಗೆ ಬಾಡಿಗೆಯದು, ಒಳಗಿರುವುದೆಲ್ಲ ನನ್ನದು: ಎರಡು ಮಂಚ, ಭುಜದ ವ್ಯಾಯಾಮಕ್ಕೆ ಗೋಡೆಗೆ ಒಂದು ರಾಟೆ, ಕರೆಂಟು ಕೊಡುವ ಯಂತ್ರ, ನಡಿಗೆ ಕಲಿಸಲು ನೀರಿನ ಪೈಪಿನಲ್ಲಿ ಬೆಸುಗೆ ಹಾಕಿಸಿದ ಕಂಬಿಗಳು, ಒಂದು ಕಪಾಟು ಪುಸ್ತಕ. ಇದಕ್ಕೆ ತವರಿನವರು ಹಾಕಿದ್ದ ಎರಡು ಬಳೆ ಹೋದವು. ಮಗಳು ಸ್ಕೂಲ್ ಡೇಯಲ್ಲಿ ಕೋಲಾಟ ಆಡಿದ್ದನ್ನು ಪ್ರತಿ ವರ್ಷ ಬೇರೆಯವರ ಫೋನಿನಲ್ಲಿ ನೋಡಿದೆ. ಕೊಟ್ಟದ್ದು ಕೊಟ್ಟಾಯಿತು. ಬಾಗಿಲ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿದ ಬೋರ್ಡಿದೆ, ಅದರಲ್ಲಿರುವ ಹೆಸರು ನನ್ನದು.