ದಾರದಲ್ಲಿ ಅಳೆದ ವಿಮಾನ

ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕಂಡಕಂಡವರನ್ನು ಕೇಳುವುದು ಭೌತಶಾಸ್ತ್ರ ಓದಿದವನಿಗೆ ಶೋಭೆಯಲ್ಲ! ಒಂದು ಭೂಗೋಳ, ಒಂದು ತುಂಡು ದಾರ, ಸ್ವಲ್ಪ ಭಾಗಾಕಾರ. ಇಷ್ಟಿದ್ದರೆ ಆಕಾಶದ ಯಾವ ವಾಹನವೂ ನನ್ನಿಂದ ತಪ್ಪಿಸಿಕೊಳ್ಳಲಾರದು. ಹಾಗೆಂದು ಆ ಬೆಳಗ್ಗೆ ಹೆಂಡತಿಯ ಮುಂದೆ ಘೋಷಿಸಿದೆ.

ಅವಳ ಅಕ್ಕ ಆರು ವರ್ಷಗಳ ನಂತರ ನಮ್ಮ ಊರಿನ ಮೇಲೆ ಹಾದುಹೋಗುವವರಿದ್ದರು. ಇಲ್ಲಿ ಇಳಿದು, ನಾಲ್ಕು ಗಂಟೆ ಕಾದು, ಇನ್ನೊಂದು ವಿಮಾನ ಹಿಡಿಯಬೇಕು. ಆ ನಾಲ್ಕು ಗಂಟೆಗಾಗಿ ನನ್ನವಳು ವಾರದಿಂದ ನಿದ್ದೆಗೆಟ್ಟಿದ್ದಳು. ಹಿಂದಿನ ದಿನ ಅಕ್ಕ ಫೋನ್ ಮಾಡಿ ಹೇಳಿದ್ದಿಷ್ಟೇ: "ಬೆಳಗ್ಗೆ ಒಂಬತ್ತಕ್ಕೆ ಹೊರಡ್ತೀನಿ ಕಣೇ. ನನ್ನ ಫೋನ್ ಅಲ್ಲಿ ನಡೆಯಲ್ಲ, ನೀವೇ ಬಂದು ಹುಡುಕ್ಕೊಳ್ಳಿ."

ಸಪಾಟು ನಕ್ಷೆಯಲ್ಲಿ ದೂರ ಅಳೆಯುವುದು ಅಜ್ಞಾನಿಗಳ ಕೆಲಸ. ನಾನು ಭೂಗೋಳದ ಮೇಲೆ ಎರಡು ನಗರಗಳ ನಡುವೆ ದಾರ ಬಿಗಿದೆ. ಆರು ಸಾವಿರದ ಮುನ್ನೂರು ಕಿಲೋಮೀಟರ್! ಗಂಟೆಗೆ ಒಂಬೈನೂರರಂತೆ ಏಳು ಗಂಟೆ.

"ಒಂಬತ್ತಕ್ಕೆ ಏಳು ಸೇರಿಸಿದ್ರೆ ಸಂಜೆ ನಾಲ್ಕು," ಎಂದಳು.

"ಅಯ್ಯೋ ಮಾರಾಯ್ತಿ, ಭೂಮಿ ತಿರುಗುತ್ತೆ! ಅವರ ಗಡಿಯಾರ ನಮಗಿಂತ ಮೂರು ಗಂಟೆ ಹಿಂದೆ. ಅವರ ಒಂಬತ್ತು ಅಂದ್ರೆ ನಮ್ಮ ಹನ್ನೆರಡು. ಇಳಿಯೋದು ಏಳಕ್ಕೆ."

"ಒಂದು ಮಾತು ವಿಮಾನದವರನ್ನೇ ಕೇಳಬಾರದಾ?"

"ಮನೇಲಿ ನಾನಿರೋವಾಗ?"

ಪಾಪ, ನಂಬಿದಳು.

ನಾಲ್ಕೂಮುಕ್ಕಾಲಿಗೆ ನನ್ನ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಆ ಕಡೆಯವರು "ಹಲೋ" ಎನ್ನುವಷ್ಟರಲ್ಲಿ "ನಮಗೆ ವಿಮೆ ಬೇಡ!" ಎಂದು ಕತ್ತರಿಸಿದೆ. ಮತ್ತೆ ಬಡಿಯಿತು. ಮತ್ತೆ ಕತ್ತರಿಸಿದೆ.

"ಯಾರ್ರೀ ಅದು?"

"ಯಾವುದೋ ಪೀಡೆ."

ಆರೂವರೆಗೇ ನಿಲ್ದಾಣ ತಲುಪಿದೆವು. ಅರ್ಧ ಗಂಟೆ ಮುಂಚೆ! ನನ್ನ ಶಿಸ್ತಿಗೆ ನಾನೇ ತಲೆದೂಗುತ್ತಾ ಒಳಗೆ ಕಾಲಿಟ್ಟರೆ, ಬಾಗಿಲ ಪಕ್ಕದ ಬೆಂಚಿನಲ್ಲಿ ಪೆಟ್ಟಿಗೆಗೆ ತಲೆ ಆನಿಸಿಕೊಂಡು ಒಬ್ಬರು ತೂಕಡಿಸುತ್ತಿದ್ದರು. ಹೆಂಡತಿ ಕಿರುಚಿದಳು: "ಅಕ್ಕಾ!"

ಅಕ್ಕ ಕಣ್ಣುಜ್ಜಿಕೊಂಡು ಎದ್ದರು. "ನಾಲ್ಕಕ್ಕೆ ಇಳಿದೆ ಕಣೇ. ಕಾದೆ. ಮಲಗಿದೆ. ಎದ್ದೆ. ಇನ್ನೂ ಕಾದೆ. ಕಾಫಿ ಅಂಗಡಿಯವನ ಫೋನಿಂದ ಎರಡು ಸಲ ನಿಮ್ಮೆಜಮಾನ್ರಿಗೆ ಮಾಡಿದೆ. ವಿಮೆ ಬೇಡ ಅಂದ್ರು."

ಹೆಂಡತಿ ನನ್ನ ಕಡೆ ತಿರುಗಿದಳು. ಆ ನೋಟದ ವೇಗ ಗಂಟೆಗೆ ಒಂಬೈನೂರಕ್ಕೂ ಹೆಚ್ಚಿತ್ತು.

"ಆದ್ರೆ ನೀವು ಒಂಬತ್ತು ಅಂದಿದ್ರಿ..." ತೊದಲಿದೆ.

"ನಿಮ್ಮ ಒಂಬತ್ತು! ಇವಳು ಚಿಕ್ಕಂದಿನಿಂದ ಗಂಟೆ ಲೆಕ್ಕದಲ್ಲಿ ಹಿಂದೆ. ಗೊಂದಲ ಆಗದಿರಲಿ ಅಂತ ನಾನೇ ಮೂರು ಗಂಟೆ ಕೂಡಿಸಿ ಹೇಳಿದೆ. ಮನೇಲಿ ಇನ್ನೊಬ್ಬರು ಕೂಡಿಸೋರು ಇದಾರೆ ಅನ್ನೋದು ಮರೆತೇಬಿಟ್ಟೆ."

ಏಳಕ್ಕೆ ಅಕ್ಕ ಒಳಗೆ ಹೋಗಬೇಕಿತ್ತು. ಉಳಿದದ್ದು ಅರ್ಧ ಗಂಟೆಯೂ ಇಲ್ಲ. ಇಬ್ಬರೂ ಕೈ ಹಿಡಿದುಕೊಂಡು, ಆರು ವರ್ಷದ ಮಾತನ್ನೆಲ್ಲ ಒಟ್ಟಿಗೇ ಆಡುತ್ತಾ, ಒಬ್ಬರದು ಒಬ್ಬರು ಕೇಳಿಸಿಕೊಳ್ಳದೆ ನಕ್ಕು ಅತ್ತರು. ನಾನು ಪೆಟ್ಟಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅದಕ್ಕಿಂತ ನನ್ನ ಎದೆಯೇ ಭಾರವಾಗಿತ್ತು.

ಹೊರಡುವಾಗ ಅಕ್ಕ ಹೇಳಿದರು: "ತಿಂಗಳ ಕೊನೆಗೆ ಇದೇ ದಾರೀಲಿ ವಾಪಸ್ ಬರ್ತೀನಿ."

ಅಭ್ಯಾಸಬಲ! ನನ್ನ ಕೈ ಜೇಬಿನ ಪೆನ್ಸಿಲ್‌ಗೆ ಹೋಯಿತು. ಹೆಂಡತಿ ಮೆಲ್ಲಗೆ ಆ ಕೈ ಹಿಡಿದು, ಪೆಟ್ಟಿಗೆಯ ಹಿಡಿಯ ಮೇಲೆ ಇಟ್ಟಳು.

"ಹೊತ್ತು ನಾವು ನೋಡ್ಕೋತೀವಿ. ನೀವು ಹೊತ್ತುಕೊಂಡು ಬಂದ್ರೆ ಸಾಕು!"