ಅಳುವ ಕೊಡೆ ಮತ್ತು ನನ್ನ ಅಭಿರುಚಿ

"ಈ ಭಾನುವಾರ ನಮ್ಮ ಮನೆಯವರ ಅಭಿರುಚಿಯನ್ನು ನೆಲದಿಂದೆತ್ತಿ ಆಕಾಶದಲ್ಲಿ ಕೂರಿಸುತ್ತೇನೆ!" ಎಂದು ಯಶವಂತನಗರದ ಗಣಿ ಕಚೇರಿಯಲ್ಲಿ ಘೋಷಿಸಿಬಿಟ್ಟೆ. ಹೊಸಪೇಟೆಗೆ ಬಂದಿದ್ದ ಹೊಸ ಸಿನಿಮಾವನ್ನು ಪತ್ರಿಕೆಗಳೆಲ್ಲ 'ದೃಶ್ಯಕಾವ್ಯ' ಎಂದು ಕೊಂಡಾಡಿದ್ದವು. ಮಾತಾಡುವ ಕೊಡೆಗೂ ಒಬ್ಬ ಅಂಚೆಯಣ್ಣನಿಗೂ ಪ್ರೀತಿಯಂತೆ! ನೋಡುವ ಮೊದಲೇ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ "ನೋಡದವರ ಜನ್ಮ ದಂಡ" ಎಂದು ಬರೆದೆ.

ಹೆಂಡತಿ ಚಂದ್ರಕಲಾ ಮುಖ ಊದಿಸಿದಳು. "ನನ್ನ ಹುಟ್ಟುಹಬ್ಬಕ್ಕ ಫೈಟಿಂಗ್ ಪಿಕ್ಚರ್ ತೋರಸ್ತೀನಿ ಅಂದಿದ್ರಿ!"

"ಇದು ಕಲೆ ಕಣೇ. ನಿನ್ನ ಹೆಸರಿನ್ಯಾಗ ಕಲಾ ಐತಿ!"

"ಚಂದ್ರನೂ ಐತಿ. ಅಲ್ಲಿಗೂ ಕರಕೊಂಡು ಹೋಗ್ತೀರೇನು?"

ಗಾದಿಗನೂರಿನಿಂದ ಅತ್ತೆ ದ್ಯಾಮಕ್ಕನೂ ಬಂದರು. ಮಧ್ಯಾಹ್ನದ ಆಟಕ್ಕೆ ಮೂವರೂ ಹೋಗಿ ಕುಳಿತೆವು. ಹಿಂದಿನ ಸಾಲಿನಲ್ಲಿ ನನ್ನ ಸಹೋದ್ಯೋಗಿ ಪಂಪೇಶ್ ಸಂಸಾರ ಸಮೇತ ಹಾಜರ್! "ನಿಮ್ ಮೆಸೇಜ್ ಓದಿ ಬಂದೀವ್ರಿ" ಎಂದ. ನನ್ನ ಎದೆ ಎರಡಿಂಚು ಉಬ್ಬಿತು.

ಸಿನಿಮಾ ಶುರುವಾಯಿತು. ಕೊಡೆ ಅತ್ತಿತು. ಅಂಚೆಯಣ್ಣ ಅದನ್ನು ನೋಡಿದ. ಕೊಡೆ ಮತ್ತೆ ಅತ್ತಿತು. ನಡುವೆ ಒಂದು ಬಸವನಹುಳು ಗೋಡೆ ಹತ್ತಲು ಹೊರಟಿತು. ಅದು ಅರ್ಧ ಗೋಡೆ ಹತ್ತುವಷ್ಟರಲ್ಲಿ ನಾನು ಒಂದು ನಿದ್ದೆ ಮುಗಿಸಿದ್ದೆ!

"ಯಲ್ಲೇಶಪ್ಪಾ, ಆ ಕೊಡಿ ಯಾಕ ಅಳಾಕ ಹತ್ತೈತಿ?" ಅತ್ತೆಯ ದನಿ ಇಡೀ ಥಿಯೇಟರಿಗೆ ಕೇಳಿತು.

ನನಗೇನು ಗೊತ್ತು? ಆದರೂ, "ಕೊಡಿ ಅಂದ್ರ ಒಂಟಿತನರಿ ಅತ್ತಿ" ಎಂದೆ.

"ಹುಳ?"

"ಹುಳ ಅಂದ್ರ... ಕಾಲ."

"ಹಂಗಾದ್ರ ಆ ಕಾಲಕ್ಕ ಜಲ್ದಿ ಹತ್ತು ಅಂತ ಹೇಳಪ. ಸೊಂಟ ಹಿಡೀತು."

ಪಂಪೇಶನ ಮಗಳು ಗೊಳ್ಳೆಂದು ನಕ್ಕಳು. ನನಗೆ ಪರದೆ ಹರಿದು ಆ ಕೊಡೆಯನ್ನು ಮಡಚಿ ಎಸೆಯುವಷ್ಟು ಸಿಟ್ಟು! ಆದರೆ ಏಳುವ ಹಾಗಿಲ್ಲ, ಬೈಯುವ ಹಾಗಿಲ್ಲ. ಎರಡೂಮುಕ್ಕಾಲು ಗಂಟೆ ಕಲಾರಸಿಕನ ಮುಖ ಹೊತ್ತು ಕುಳಿತೆ, ಕೆನ್ನೆ ನೋಯತೊಡಗಿತು.

ಹೊರಗೆ ಬಂದರೆ ಬಾಗಿಲಲ್ಲೇ ಥಿಯೇಟರಿನ ಮ್ಯಾನೇಜರ್ ಜಂಬುನಾಥ್ ಮೊಬೈಲ್ ಹಿಡಿದು ನಿಂತಿದ್ದರು. "ಪ್ರಚಾರಕ್ಕ ವಿಡಿಯೋ ಮಾಡಾಕ ಹತ್ತೀವ್ರಿ. ಪಿಕ್ಚರ್ ಹೆಂಗೈತಿ?"

ಹಿಂದೆ ಪಂಪೇಶ್ ಕಿವಿ ನೆಟ್ಟಗೆ ಮಾಡಿದ. ಬೇರೆ ದಾರಿಯೇ ಇರಲಿಲ್ಲ. "ಅದ್ಭುತ! ಈಗಿಂದೀಗ ಇನ್ನೊಮ್ಮೆ ನೋಡಂದ್ರೂ ನೋಡ್ತೀನಿ!"

ಚಂದ್ರಕಲಾಳ ಕಣ್ಣು ಮಿಂಚಿತು. "ಭಾಳ ಚಲೋ ಆತು. ಇವ್ರನ್ನ ಮುಂದಿನ ಆಟಕ್ಕ ಕುಂದ್ರಸ್ರಿ. ನಾವು ಅವ್ವ ಮಗಳು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜಿ ತಿಂದು ಬರ್ತೀವಿ." ಹೋಗುವಾಗ ಮ್ಯಾನೇಜರ್ ಕಿವಿಯಲ್ಲಿ ಏನೋ ಉಸುರಿದಳು. ಅವರು ಸಂತೋಷದಿಂದ ಪುಕ್ಕಟೆ ಟಿಕೆಟ್ಟನ್ನೇ ಕೊಟ್ಟರು!

ಎರಡನೇ ಆಟಕ್ಕೆ ಮುನ್ನೂರು ಕುರ್ಚಿಗಳ ನಡುವೆ ನಾನೊಬ್ಬನೇ. ಇಪ್ಪತ್ತು ನಿಮಿಷವಾಗಿರಬೇಕು. ಮ್ಯಾನೇಜರ್ ಬಂದು ಪಕ್ಕದಲ್ಲಿ ಕುಳಿತರು.

"ಖರೇ ಹೇಳ್ರಿ ಸರ, ನಿಮಗ ಪಿಕ್ಚರ್ ಸೇರೇತೇನು?"

ಸುತ್ತ ನೋಡಿದೆ. ಪಂಪೇಶ್ ಇಲ್ಲ, ಮೊಬೈಲ್ ಇಲ್ಲ. ತಡೆಯಲಾಗಲಿಲ್ಲ. "ಇಲ್ರಿ! ಒಂದು ಸೀನೂ ಸೇರಿಲ್ಲ! ತಲಿ ಚಿಟ್ಟು ಹಿಡದೈತಿ!"

ಅವರು ನಿಟ್ಟುಸಿರು ಬಿಟ್ಟು ಮೇಲಿನ ಪ್ರೊಜೆಕ್ಟರ್ ಕಿಂಡಿಯತ್ತ ಕೂಗಿದರು: "ಬಂದ್ ಮಾಡ್ಲೇ! ಸಾಹೇಬ್ರು ಒಪ್ಪಿಕೊಂಡ್ರು!" ಆಮೇಲೆ ನನ್ನತ್ತ ತಿರುಗಿ, "ಜಲ್ದಿ ಹೋಗ್ರಿ ಸರ. 'ಚಲೋ ಇಲ್ಲ ಅಂತ ಬಾಯಿಬಿಟ್ಟ ಕೂಡ್ಲೇ ಕಳಸ್ರಿ, ಅವ್ರ ಪಾಲಿನ ಮಿರ್ಚಿ ಆರಿ ಹೋಗ್ತೈತಿ' ಅಂತ ಮನಿಯವ್ರು ಹೇಳಿ ಹೋಗ್ಯಾರ್ರಿ" ಎಂದರು.