ರುಚಿ ನೋಡಿ ಹೆಸರು ಹೇಳುವ ಕಾಕಾ

ನಮ್ಮ ಕಾಕಾನ ಜೊತೆ ವಾಕಿಂಗ್ ಹೋಗಿ ತೂಕ ಇಳಿಸಿಕೊಂಡವರು ಧಾರವಾಡದಲ್ಲಿ ಒಬ್ಬರೂ ಇಲ್ಲ! ನಡೆದರಲ್ಲವೇ ಇಳಿಯುವುದು? ಮಾಳಮಡ್ಡಿಯ ಮನೆಯಿಂದ ಹೊರಟು ಮೊದಲ ತಿರುವು ದಾಟುವಷ್ಟರಲ್ಲೇ ಗಟಾರದ ಪಕ್ಕದ ಯಾವುದೋ ಹುಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿರುತ್ತಾನೆ. ಬ್ಯಾಂಕಿನಿಂದ ನಿವೃತ್ತನಾದವನು, ಸಸ್ಯಶಾಸ್ತ್ರವನ್ನು ಯಾವ ಕಾಲೇಜಿನಲ್ಲೂ ಓದಿದವನಲ್ಲ. ಆದರೆ ಹೆಸರು ಗೊತ್ತಿಲ್ಲದ ಒಂದು ಕಳೆ ಕಂಡರೆ ಸಾಕು, ಅವತ್ತು ಅವನಿಗೆ ಊಟ ಸೇರುವುದಿಲ್ಲ.

ಕಿತ್ತು ತಂದದ್ದನ್ನೆಲ್ಲ ಹಳೆಯ ಪೇಪರಿನ ನಡುವೆ ಇಟ್ಟು ದಿವಾನದ ಗಾದಿಯ ಕೆಳಗೆ ಒತ್ತಿಡುತ್ತಾನೆ. ಅವನ ಮಗಳನ್ನು ನೋಡಲು ಬಂದ ವರನ ತಂದೆ ಧಡೂತಿ ಮನುಷ್ಯರು. ಅವರು ಕುರ್ಚಿಯತ್ತ ಹೊರಟರೆ ಕಾಕಾ ಕೈಹಿಡಿದು ದಿವಾನದ ಮೇಲೆ ಕೂರಿಸಿದ. ಚಹಾ ಮುಗಿಸಿ ಏಳಹೋದಾಗ, "ಇನ್ನೊಂದೀಟು ಕೂಡ್ರಿ. ನೀವು ಕೂತ್ರ ಎಲಿ ಛಲೋ ಒತ್ತತಾವ್ರಿ!"

ಅವನ ಹೆಂಡತಿ, ನಮ್ಮ ಕಾಕು, ಅಡುಗೆಮನೆಯಲ್ಲಿ ನನ್ನ ಮುಂದೆ ಹಣೆ ಚಚ್ಚಿಕೊಂಡಳು. "ಬೀಗರಾಗೋರನ್ನ ಕಲ್ಲು ಮಾಡಿ ಕೂಡಿಸ್ಯಾರ ನೋಡವಾ!"

ಸಂಬಂಧ ಕುದುರಿತು. ಹೇಗೆಂದು ಮಾತ್ರ ಕೇಳಬೇಡಿ!

ಇದು ನಗುವ ಮಾತು. ಇನ್ನೊಂದಿದೆ. ಎಲೆ, ಹೂವು ನೋಡಿದರೂ ಗುರುತು ಹತ್ತದಿದ್ದರೆ ಕಾಕಾ ಅಗಿದು ನೋಡುತ್ತಿದ್ದ. ನನಗೂ ಒಂದು ಚೂರು ಕೊಡುತ್ತಿದ್ದ. "ನಾಲಿಗಿ ಸುಳ್ಳು ಹೇಳಂಗಿಲ್ಲವಾ."

ಈ ಸಲ ಮೊದಲ ಮಳೆ ಬಿದ್ದ ಮೇಲೆ, ಕೆಲಗೇರಿ ಕೆರೆಯ ಆಚೆ ಒಂದು ಗಡ್ಡೆ ಅಗೆದ. ಮೊಳಕೆಯಷ್ಟೇ ಮೇಲೆದ್ದಿತ್ತು, ಎಲೆ ಇನ್ನೂ ಬಿಟ್ಟಿರಲಿಲ್ಲ. "ಕಾಡಗೆಣಸ ಇರಬೇಕು. ಸಣ್ಣಾವಿದ್ದಾಗ ಹಸೀದೇ ತಿಂದೇವಿ" ಎಂದು ಕೊಯ್ದು, ನನಗೊಂದು ಹೋಳು ಕೊಟ್ಟು, ತನ್ನದನ್ನು ಕಚ್ಚಿದ. ಅದು ಹಸಿಯಾಗಿ ತಿನ್ನಲೇಬಾರದ ಕಾಡು ಸುವರ್ಣಗಡ್ಡೆ ಎಂದು ತಿಳಿದದ್ದು, ಅವನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ.

ನಾನು ಹೋಳನ್ನು ಬಾಯಿಗಿಡುವುದರಲ್ಲಿದ್ದೆ. ಫಟ್ಟನೆ ಕೈಮೇಲೆ ಏಟು ಬಿತ್ತು, ಹೋಳು ಹಾರಿಹೋಯಿತು. ಎಂದೂ ಕೈ ಎತ್ತಿದವನಲ್ಲ! ಸಿಟ್ಟಿನಿಂದ ನೋಡಿದರೆ ಅವನ ತುಟಿ ಬಾತುಕೊಳ್ಳುತ್ತಿತ್ತು. ಜೊಲ್ಲು ಸುರಿಯುತ್ತಿತ್ತು. ಉಸಿರು ಸಣ್ಣಗೆ ಸುಯ್ಯೆನ್ನತೊಡಗಿತು. ಇವತ್ತಿಗೂ ಕುಕ್ಕರ್ ಕೂಗುವ ಮುಂಚಿನ ಆ ಸಣ್ಣ ಸದ್ದು ಕೇಳಿದರೆ ಓಡಿಹೋಗಿ ಒಲೆ ಆರಿಸಿಬಿಡುತ್ತೇನೆ.

ಆಟೋದವನು ಕೇಳಿದ, "ಏನ ತಿಂದಾರ್ರಿ ಅಜ್ಜಾರು?"

"ಗೊತ್ತಿಲ್ರಿ, ಲಗೂ ನಡೀರಿ!"

ದಾರಿಯುದ್ದಕ್ಕೂ ಕಾಕಾ ನನ್ನ ಗದ್ದ ಹಿಡಿದು ಎಳೆಯುತ್ತಿದ್ದ. ಮಾತು ಹೊರಡುತ್ತಿರಲಿಲ್ಲ. ನೀರು ಬೇಕೇನೋ ಎಂದು ಬಾಟಲಿ ಹಿಡಿದರೆ ತಳ್ಳಿದ. ಬುದ್ಧಿ ತಪ್ಪುತ್ತಿದೆಯೇ? ಒಂದೊಂದು ತಗ್ಗಿನಲ್ಲಿ ಆಟೋ ಹಾರಿದಾಗಲೂ ನಾನು ಅವನ ಎದೆ ಏಳುತ್ತದೆಯೇ ಎಂದು ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚ್ ಹಿಡಿದು ಬಾಗಿದರು. "ಬಾಯಿ ತಗೀರಿ ಅಜ್ಜಾರ. ಗಂಟ್ಲ ಮುಚ್ಚಿದ್ರ ಕಷ್ಟ ಆಗ್ತೇತಿ."

ಕಾಕಾ ತೆಗೆಯಲಿಲ್ಲ. ತಲೆಯಾಡಿಸಿ, ಮತ್ತೆ ನನ್ನ ಗದ್ದಕ್ಕೇ ಕೈ ಹಾಕಿದ.

"ಏನ ಹಟಾರೀ ಇದು!" ಡಾಕ್ಟರು ರೇಗಿದರು.

ಆಗ ಹೊಳೆಯಿತು. ಮಂಚದ ಮೇಲೆ ಬಗ್ಗಿ ನನ್ನ ಬಾಯಿಯನ್ನು ಅಗಲವಾಗಿ ತೆರೆದೆ. ಕಾಕಾ ಸುಯ್ಯೆನ್ನುತ್ತಲೇ ನೋಡಿದ. ತುಟಿ ನೋಡಿದ, ನಾಲಗೆ ನೋಡಿದ, ನಾಲಗೆ ಎತ್ತಿಸಿ ಅದರ ಕೆಳಗೂ ನೋಡಿದ.

ಆಮೇಲೆ ಡಾಕ್ಟರ ಕಡೆ ತಿರುಗಿ ತನ್ನ ಬಾಯಿ ತೆರೆದ.